ಮಿಲಿಟರಿ ಕೋಟಿಗೆ ಸೂಜಿ ಹಾಕುವ ಮುನ್ನ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಹಳೆಯ ಮನೆಗಳಲ್ಲಿ ಅಟ್ಟವೆಂದರೆ ಕೊಬ್ಬರಿಯ ಜಾಗ. ಬಲಿತ ಕಾಯಿಯನ್ನು ಸುಲಿಯದೆ ಅಟ್ಟಕ್ಕೇರಿಸಿ ತಿಂಗಳುಗಟ್ಟಲೆ ಬಿಟ್ಟರೆ ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿಯಾಗುತ್ತದೆ. ಅದರ ಪಕ್ಕದಲ್ಲೇ ಮುಚ್ಚಳ ನೆಟ್ಟಗೆ ಕೂರದ ಒಂದು ಕಬ್ಬಿಣದ ಟ್ರಂಕು ಇರುವುದುಂಟು. ಅದರೊಳಗೆ ಹಳೆಯ ಪಂಚೆ, ಕಾಗದಪತ್ರಗಳ ಅಡಿಯಲ್ಲಿ ಮಡಚಿಟ್ಟ ಉಣ್ಣೆಯ ಮಿಲಿಟರಿ ಕೋಟು. ಕೊಬ್ಬರಿಗೆಂದು ಬಂದ ಇಲಿ ಗೂಡು ಕಟ್ಟಲು ಕೋಟನ್ನೂ ಹರಿಯುತ್ತದೆ. ಇಲಿ ಬಿಟ್ಟದ್ದನ್ನು ನುಸಿ ತಿನ್ನುತ್ತದೆ.

ಇಂಥ ಕೋಟು ಕೈಗೆ ಸಿಕ್ಕಾಗ ಮನೆಯವರಿಗೆ ತೋಚುವುದು ಎರಡೇ: ಎಸೆಯುವುದು, ಇಲ್ಲವೇ ಟೈಲರ್ ಅಂಗಡಿಗೆ ಕೊಟ್ಟು ಮೆಷಿನ್ನಿನಲ್ಲಿ ತೇಪೆ ಹಾಕಿಸುವುದು. ಎರಡರಲ್ಲೂ ಕೋಟು ಹಾಳಾಗುತ್ತದೆ. ಕೈಹೊಲಿಗೆಯಲ್ಲಿ ಅದನ್ನು ಉಳಿಸಿಕೊಳ್ಳುವುದು ಸಾಧ್ಯ, ಆದರೆ ಅದು ಹಲವು ಸಂಜೆಗಳ ಕೆಲಸ.

ಮೊದಲು ಕೋಟು ಯಾವ ಕಾಲದ್ದೆಂದು ತಿಳಿಯಬೇಕು. ಚಾಮರಾಜೇಂದ್ರ ಒಡೆಯರ ಕಾಲದಲ್ಲಿ ರೂಪುಗೊಂಡ ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆ 1914ರಲ್ಲಿ ಹಡಗು ಹತ್ತಿ ಈಜಿಪ್ಟಿಗೆ ಹೋಯಿತು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಪಡೆಯ ಜೊತೆಗೂಡಿ ಹೈಫಾ ಪಟ್ಟಣವನ್ನು ಗೆದ್ದಿತು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅದರ ಸ್ಮಾರಕವಿದೆ. ಆ ಪಡೆಯ ಕೋಟು ಸಿಕ್ಕರೆ ಅದು ಅಪರೂಪದ ಭಾಗ್ಯ. ಎರಡನೇ ಮಹಾಯುದ್ಧದ ಕಾಲದ, ಸರ್ಜ್ ಎಂಬ ಉಣ್ಣೆ ಬಟ್ಟೆಯ ಖಾಕಿ ಕೋಟು, ಮಂಡಿಯ ಕೆಳಗಿಳಿಯುವ ಗ್ರೇಟ್‌ಕೋಟು ಸಿಗುವ ಸಾಧ್ಯತೆ ಹೆಚ್ಚು. ಬೆಂಗಳೂರಿನಲ್ಲಿ 1884ರಲ್ಲಿ ಶುರುವಾಗಿ ಬಿನ್ನಿ ಮಿಲ್ ಎಂದೇ ಹೆಸರಾದ ಕಾರ್ಖಾನೆ ಯುದ್ಧಕಾಲದಲ್ಲಿ ಸೈನ್ಯಕ್ಕೆ ಬಟ್ಟೆ, ಕಂಬಳಿ ಒದಗಿಸುತ್ತಿತ್ತು. ಯುದ್ಧ ಮುಗಿದ ಮೇಲೆ ಮಿಕ್ಕ ಸರಕು ಹರಾಜಾಗಿ ಮಾರುಕಟ್ಟೆಗೆ ಬಂತು. ತೋಟದ ಕಾವಲಿನವರ ಮೈಮೇಲೆ ಮಿಲಿಟರಿ ಕೋಟು ಕಾಣಿಸಿಕೊಂಡದ್ದು ಹೀಗೆ.

ಗುಂಡಿ ನೋಡಿದರೆ ಅರ್ಧ ಕತೆ ತಿಳಿಯುತ್ತದೆ. ಗಂಡಭೇರುಂಡವಿದ್ದರೆ ಮೈಸೂರು ಸಂಸ್ಥಾನದ್ದು. ಬ್ರಿಟಿಷ್ ಕಿರೀಟವಿದ್ದರೆ 1950ರ ಜನವರಿ 26ಕ್ಕಿಂತ ಮುಂಚಿನದು, ಅಶೋಕ ಸ್ತಂಭದ ಸಿಂಹಗಳಿದ್ದರೆ ಆಮೇಲಿನದು. ಗುಂಡಿ ಬದಲಾಗಿರಬಹುದಾದ್ದರಿಂದ ಕಾಲರಿನ ಒಳಮೈ, ಜೇಬಿನ ಅಸ್ತರು ನೋಡಬೇಕು. ಅಲ್ಲಿ ಬಾಣದ ಮೊನೆಯ ಮುದ್ರೆಯ ಜೊತೆ ಇಂಗ್ಲಿಷಿನ ‘ಐ’ ಅಕ್ಷರ ಕಂಡರೆ ಅದು ಭಾರತದಲ್ಲೇ ಸೈನ್ಯಕ್ಕೆಂದು ತಯಾರಾದದ್ದು. ಈ ಮುದ್ರೆಯ ಮೇಲೆ ಸೂಜಿ ಆಡಿಸಲೇಬಾರದು.

ಯಾವ ತೂತನ್ನು ಮುಚ್ಚಬೇಕು, ಯಾವುದನ್ನು ಬಿಡಬೇಕು? ಈ ಕಸುಬಿನ ಅತಿ ಕಷ್ಟದ ಪ್ರಶ್ನೆ ಇದೇ. ಲಂಡನ್ನಿನ ಗ್ರೀನಿಚ್‌ನ ನೌಕಾ ಮ್ಯೂಸಿಯಮ್ಮಿನಲ್ಲಿ ಅಡ್ಮಿರಲ್ ನೆಲ್ಸನ್ 1805ರಲ್ಲಿ ಟ್ರಫಾಲ್ಗರ್ ಕದನದ ದಿನ ತೊಟ್ಟಿದ್ದ ಕೋಟಿದೆ. ಎಡ ಭುಜದ ಹತ್ತಿರ ಗುಂಡು ಹೊಕ್ಕ ತೂತು ಹಾಗೇ ಇದೆ. ಅದನ್ನು ರಫೂ ಮಾಡಿದ್ದರೆ ಕೋಟು ಮೂಕವಾಗುತ್ತಿತ್ತು. ಸಿಪಾಯಿಯೇ ಬಿಡುವಿನಲ್ಲಿ ಕೂತು ಹಾಕಿಕೊಂಡ ಒರಟು ಹೊಲಿಗೆಗೂ ಇದೇ ಮಾತು. ಬೇರೆ ಬಣ್ಣದ ದಾರವಿರಲಿ, ಸೊಟ್ಟಗಿರಲಿ, ಅದನ್ನು ಬಿಚ್ಚಬಾರದು. ಇಲಿ, ನುಸಿ, ತುಕ್ಕು ಮಾಡಿದ ಗಾಯಕ್ಕೆ ಆ ಮರ್ಯಾದೆ ಬೇಕಿಲ್ಲ. ಅದನ್ನು ಮುಚ್ಚಿದರೆ ಕೋಟಿಗೆ ಒಳ್ಳೆಯದೇ.

ಸೂಜಿಗೆ ಮೊದಲು ನುಸಿಯ ಹುಳು ಸಾಯಬೇಕು. ಬೆವರು, ಅನ್ನದ ಕಲೆ ಇದ್ದಲ್ಲಿ ಅದು ಹೆಚ್ಚು ಮೇಯುತ್ತದೆ. ಕಾಲರು, ಕಂಕುಳು, ತೋಳಿನ ತುದಿ ಮೊದಲು ಹೋಗುವುದು ಅದಕ್ಕೇ. ನುಸಿಗುಳಿಗೆಯ ನಾಫ್ತಲೀನ್ ಹೊಗೆ ಮನುಷ್ಯರ ಮೈಗೂ ಒಳ್ಳೆಯದಲ್ಲ. ಅದರ ಬದಲು ಕೋಟನ್ನು ಎರಡು ಪದರದ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಹೊರಡಿಸಿ ಕಟ್ಟಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಟ್ಟರೆ ಮೊಟ್ಟೆ ಸಮೇತ ಸಾಯುತ್ತದೆ. ಹೊರತೆಗೆದ ಮೇಲೆ ತಣುಪು ಪೂರ್ತಿ ಇಳಿಯುವವರೆಗೆ ಚೀಲ ಬಿಚ್ಚಬಾರದು, ಬಿಚ್ಚಿದರೆ ಉಣ್ಣೆಯ ಮೇಲೆ ನೀರು ಕೂರುತ್ತದೆ. ಬಿಸಿನೀರಿನಲ್ಲಂತೂ ನೆನೆಸಲೇಬಾರದು, ಉಣ್ಣೆ ಕುಗ್ಗಿ ಗಟ್ಟಿಯಾಗಿಬಿಡುತ್ತದೆ.

ಈಗ ಹೊಲಿಗೆ. ಸರ್ಜ್ ಬಟ್ಟೆಯನ್ನು ಬೆಳಕಿಗೆ ಹಿಡಿದರೆ ವಾರೆ ಗೆರೆಗಳು ಕಾಣುತ್ತವೆ. ಹೊಕ್ಕಿನ ಎಳೆ ಹಾಸಿನ ಎರಡು ಎಳೆಗಳ ಮೇಲೆ ಹೋಗಿ ಎರಡರ ಕೆಳಗೆ ನುಸುಳುತ್ತದೆ. ಮುಂದಿನ ಸಾಲಿನಲ್ಲಿ ಒಂದೆಳೆ ಪಕ್ಕಕ್ಕೆ ಸರಿಯುತ್ತದೆ. ರಫೂ ಮಾಡುವವರು ಸೂಜಿಯಿಂದ ಇದೇ ನೇಯ್ಗೆಯನ್ನು ತೂತಿನ ಮೇಲೆ ಮತ್ತೆ ನೇಯಬೇಕು. ಸಾದಾ ಒಂದು ಮೇಲೆ ಒಂದು ಕೆಳಗೆ ಹೆಣೆದರೆ ದೂರದಿಂದಲೇ ಜಾಲರಿ ಎದ್ದು ಕಾಣುತ್ತದೆ. ಅಂಗಡಿಯ ದಾರ ಬಣ್ಣದಲ್ಲಿ ಹೊಂದಿದರೂ ಹೊಳಪಿನಲ್ಲಿ ಹೊಂದುವುದಿಲ್ಲ. ಆದ್ದರಿಂದ ಕೋಟಿನ ಒಳ ಅಂಚಿನಲ್ಲಿ ಮಡಚಿಟ್ಟ ಬಟ್ಟೆಯಿಂದಲೇ ಎಳೆ ಬಿಡಿಸಿಕೊಳ್ಳಬೇಕು. ತೂತಿನ ಅಂಚಿನಿಂದ ಅರ್ಧ ಇಂಚು ಆಚೆ, ಗಟ್ಟಿ ಬಟ್ಟೆಯಲ್ಲಿ ಶುರುಮಾಡಿ ಅಷ್ಟೇ ಆಚೆ ಮುಗಿಸಬೇಕು, ಗಂಟು ಹಾಕಬಾರದು. ಉತ್ತರ ಪ್ರದೇಶದ ನಜೀಬಾಬಾದಿನ ರಫೂಗಾರರು ಕಾಶ್ಮೀರಿ ಶಾಲುಗಳಿಗೆ ಈ ವಿದ್ಯೆಯನ್ನು ತಲೆಮಾರುಗಳಿಂದ ಬಳಸುತ್ತ ಬಂದಿದ್ದಾರೆ. ಈ ರಫೂಗಾರರ ಕೆಲಸವನ್ನು ಕಲಾವಿದೆ ಪ್ರಿಯಾ ರವೀಶ್ ಮೆಹ್ರಾ ದಾಖಲಿಸಿ ಜನರ ಮುಂದಿಟ್ಟರು.

ಗ್ರೇಟ್‌ಕೋಟಿನ ಬಟ್ಟೆ ಬೇರೆಯೇ ಜಾತಿ. ನೇಯ್ದ ಮೇಲೆ ತುಳಿದು ಕುಗ್ಗಿಸಿ ನೇಯ್ಗೆಯೇ ಕಾಣದಷ್ಟು ಒತ್ತಾಗಿಸಿರುತ್ತಾರೆ. ಕತ್ತರಿಸಿದರೂ ಅಂಚು ಬಿಡುವುದಿಲ್ಲ. ಇಲಿ ಹರಿದ ದೊಡ್ಡ ತೂತಿದ್ದರೆ ಅದರ ಅಂಚನ್ನು ನೇರ ಮಾಡಿ, ಅದೇ ಅಳತೆಯ ತುಂಡನ್ನು ಕೂರಿಸಿ, ಬಟ್ಟೆಯ ದಪ್ಪದ ಒಳಗೇ ಸೂಜಿ ಓಡಿಸಿ ಎರಡು ಅಂಚುಗಳನ್ನು ಎದುರುಬದುರು ಸೇರಿಸಬೇಕು. ದಾರ ಮೇಲಕ್ಕೂ ಬರುವುದಿಲ್ಲ, ಕೆಳಕ್ಕೂ ಬರುವುದಿಲ್ಲ. ತುಂಡಿನ ಜುಂಜು ಮಲಗಿರುವ ದಿಕ್ಕು ಕೋಟಿನದಕ್ಕೆ ಹೊಂದಬೇಕು, ತಪ್ಪಿದರೆ ಬೆಳಕಿನಲ್ಲಿ ತೇಪೆ ಬೇರೆ ಬಣ್ಣವಾಗಿ ಕಾಣುತ್ತದೆ. ಕೈ ಪಳಗಿದವರು ಈ ಹೊಲಿಗೆ ಹಾಕಿದರೆ ಬೆರಳಾಡಿಸಿ ಹುಡುಕಬೇಕಾಗುತ್ತದೆ.

ಚಿಕ್ಕನಾಯಕನಹಳ್ಳಿ ಸೀಮೆ ಕಂಬಳಿಗೆ ಹಳೆಯ ಹೆಸರು. ಹಾಗಾಗಿ ಕಂಬಳಿಯ ನೂಲಿನಲ್ಲೇ ಕೋಟು ಸರಿಮಾಡೋಣ ಎಂಬ ಆಸೆ ಇಲ್ಲಿ ಸಹಜ. ಅದು ಬೇಡ. ನಾಡಕುರಿಯ ಉಣ್ಣೆ ಒರಟು, ನೂಲು ದಪ್ಪ. ಸರ್ಜಿನ ಸಣ್ಣ ಎಳೆಗಳನ್ನು ಅದು ಅಗಲಿಸಿಬಿಡುತ್ತದೆ. ಕಂಬಳಿ ನೇಯುವವರಿಂದ ಪಡೆಯಬೇಕಾದದ್ದು ನೂಲನ್ನಲ್ಲ, ಕಣ್ಣನ್ನು. ಹುಣಸೆ ಬೀಜದ ಗಂಜಿ ಉಂಡ ಹಾಸಿನಲ್ಲಿ ಕಡಿದ ಒಂದೆಳೆಯನ್ನು ಹುಡುಕಿ ಹೊಸೆದು ಕೂಡಿಸುವ ನೇಕಾರರಿಗೆ ಕೋಟಿನ ತೂತು ತೋರಿಸಿದರೆ, ಹಾಸು ಎಲ್ಲಿ ಕಡಿದಿದೆ, ಹೊಕ್ಕು ಎಲ್ಲಿ ಸವೆದಿದೆ ಎಂಬುದನ್ನು ಟೈಲರಿಗಿಂತ ಬೇಗ ಗುರುತಿಸುತ್ತಾರೆ.

ಮೆಷಿನ್ ಬೇಡವೆನ್ನಲು ಕಾರಣವಿದೆ. ಅದರ ಸೂಜಿ ದಪ್ಪ, ಹೊಡೆತ ಜೋರು, ದಾರ ಬಿಗಿ. ಹಳೆಯ ಉಣ್ಣೆ ಎಳೆತಕ್ಕೆ ಸಿಕ್ಕಿದರೆ ಹೊಲಿಗೆಯ ಪಕ್ಕದಲ್ಲೇ ಹೊಸದಾಗಿ ಹರಿಯುತ್ತದೆ. ಬಟ್ಟೆಗಿಂತ ದಾರ ಮೆತ್ತಗಿರಬೇಕು: ಜಗ್ಗಿದಾಗ ದಾರ ಕಡಿಯಬೇಕೇ ಹೊರತು ಬಟ್ಟೆಯಲ್ಲ. ನೈಲಾನ್ ದಾರ ಆ ಕಾರಣಕ್ಕೇ ಕೂಡದು. ಅಸ್ತರಿಗೆ ಹತ್ತಿಯ ದಾರ, ಗುಂಡಿಗೆ ಜೇನುಮೇಣ ಉಜ್ಜಿದ ನಾರಿನ ದಾರ ಸಾಕು. ಸವೆದ ಕಾಜಾವನ್ನು ಬಿಚ್ಚದೆ, ಹಳೆಯ ಹೊಲಿಗೆಯ ಮೇಲೇ ರೇಷ್ಮೆಯ ದಾರದಲ್ಲಿ ಹೊಸ ಸಾಲು ಹಾಕಬಹುದು.

ಹಿತ್ತಾಳೆ ಗುಂಡಿ ಹಸಿರುಗಟ್ಟಿದ್ದರೆ ಕೋಟಿನ ಮೇಲೆ ಇಟ್ಟುಕೊಂಡೇ ಉಜ್ಜಬಾರದು, ಪಾಲಿಶಿನ ಬಿಳಿ ಪುಡಿ ಉಣ್ಣೆಯೊಳಗೆ ಇಳಿದರೆ ಹೊರಬರುವುದಿಲ್ಲ. ಖಾಕಿ ಡ್ರಿಲ್ ಬಟ್ಟೆಯ ಬೇಸಿಗೆ ಕೋಟುಗಳಲ್ಲಿ ಗುಂಡಿಗಳನ್ನು ಹೊಲಿಯದೆ ಹಿಂದೆ ಸಣ್ಣ ಬಳೆ ಸಿಕ್ಕಿಸಿ ನಿಲ್ಲಿಸಿರುತ್ತಾರೆ. ಬಳೆ ತೆಗೆದರೆ ಗುಂಡಿ ಕೈಗೆ ಬರುತ್ತದೆ. ಅಗಸರ ಕಲ್ಲಿಗೆ ಕೋಟು ಹೋಗುವಾಗ ಗುಂಡಿ ಉಳಿಯಲೆಂದು ಮಾಡಿದ ಉಪಾಯವಿದು. ಹೊಲಿದ ಗುಂಡಿಯಾದರೆ ನಡುವೆ ಸೀಳಿದ ರಟ್ಟನ್ನು ಅದರ ಕೆಳಗೆ ತೂರಿಸಿ ಒರೆಸಬೇಕು.

ಮುಗಿದ ಮೇಲೆ ಹ್ಯಾಂಗರಿಗೆ ನೇತುಹಾಕಬಾರದು. ಗ್ರೇಟ್‌ಕೋಟಿನ ಭಾರವೆಲ್ಲ ಭುಜದ ಹೊಲಿಗೆಯ ಮೇಲೆ ಬೀಳುತ್ತದೆ. ತೋಳೊಳಗೆ ಒಗೆದ ಹತ್ತಿ ಬಟ್ಟೆ ಸುತ್ತಿಟ್ಟು, ಹಳೆಯ ಸೀರೆ ಹಾಸಿ ಚಪ್ಪಟೆಯಾಗಿ ಮಲಗಿಸಬೇಕು. ಬಿಚ್ಚಿ ತೆಗೆದ ಚೂರು, ತುಕ್ಕು ಹಿಡಿದ ಕೊಕ್ಕೆ, ಮಿಕ್ಕ ಎಳೆಗಳನ್ನು ಒಂದು ಲಕೋಟೆಗೆ ಹಾಕಿ, ಎಲ್ಲೆಲ್ಲಿ ಯಾವ ದಾರದಲ್ಲಿ ಹೊಲಿದದ್ದೆಂದು ಪೆನ್ಸಿಲ್ಲಿನಲ್ಲಿ ಬರೆದು ಅದರ ಜೊತೆಗೇ ಇಡಬೇಕು. ಮುಂದೆ ಈ ಕೋಟನ್ನು ಬಿಚ್ಚುವ ಕೈಗೆ ಆ ಚೀಟಿ ಬೇಕಾಗುತ್ತದೆ.