ಕಳಚುವ ದಿನದ ಲೆಕ್ಕ

ಗುಬ್ಬಿ ಸೀಮೆಯ ಸಣ್ಣ ಊರೊಂದರಲ್ಲಿ ಈಚೆಗೆ ನಡೆದ ಪುಸ್ತಕ ಮತ್ತು ಕಲಾ ಪ್ರದರ್ಶನದ ಸಮಿತಿಯಲ್ಲಿ ನಾವೂ ಇದ್ದೆವು. ಮೂರು ದಿನ ಜನ ಬಂದರು, ಭಾಷಣಗಳಾದವು, ಪರಿಸರದ ಬಗ್ಗೆ ಒಂದು ಗೋಷ್ಠಿಯೂ ಆಯಿತು. ನಾಲ್ಕನೆಯ ದಿನ ಬೆಳಿಗ್ಗೆ ಮೈದಾನಕ್ಕೆ ಹೋದರೆ ಅಲ್ಲಿ ಉಳಿದಿದ್ದುದು ಥರ್ಮೊಕೋಲ್ ಚೂರುಗಳು, ಮೊಳೆ ಸಮೇತ ಮುರಿದ ಪ್ಲೈವುಡ್, ಕಾಲಿಗೆ ಸುತ್ತಿಕೊಳ್ಳುವ ಟೇಪು, ಮುದುರಿ ಬಿಸಾಡಿದ ಫ್ಲೆಕ್ಸ್‌ಗಳು. ಒಂದು ಫ್ಲೆಕ್ಸಿನಲ್ಲಿ ನಮ್ಮ ಮುಖವೇ ನಗುತ್ತಿತ್ತು.

ಗುಜರಿಯ ಚಾಚಾ ಒಬ್ಬರು ತಂತಿ, ರಟ್ಟುಗಳನ್ನು ಆರಿಸಿ ಗೋಣಿಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ನಾವು ಫ್ಲೆಕ್ಸ್ ತೋರಿಸಿದೆವು. 'ಯೇ ನಕ್ಕೋ ಭಾಯಿ' ಎಂದರು. ಅದನ್ನು ಯಾರೂ ತೂಕಕ್ಕೆ ತೆಗೆದುಕೊಳ್ಳುವುದಿಲ್ಲವಂತೆ. ಇಷ್ಟು ವರ್ಷ ಕತೆ ಬರೆದರೂ ಇಷ್ಟು ನೇರವಾದ ವಿಮರ್ಶೆ ನಮಗೆ ಯಾರಿಂದಲೂ ಸಿಕ್ಕಿರಲಿಲ್ಲ.

ಒಂದು ಪ್ರದರ್ಶನದಲ್ಲಿ ಏನನ್ನು ತೋರಿಸಿದರು ಎಂಬುದರ ಬಗ್ಗೆ ನಾವು ಬರೆಯುತ್ತೇವೆ. ಏನನ್ನು ಬಿಟ್ಟುಹೋದರು ಎಂಬುದರ ಬಗ್ಗೆ ಬರೆಯುವುದಿಲ್ಲ. ಅದನ್ನು ಬಾಚುವವರು ಪೌರಕಾರ್ಮಿಕರು. ಅವರ ಹೆಸರು ಯಾವ ಆಹ್ವಾನ ಪತ್ರಿಕೆಯಲ್ಲೂ ಇರುವುದಿಲ್ಲ.

ಇದು ಗುಬ್ಬಿ ಸೀಮೆಯಲ್ಲಿಯೇ ಆಯಿತಲ್ಲ ಎಂಬುದು ನಮ್ಮನ್ನು ಇನ್ನಷ್ಟು ನಾಚಿಸಿತು. ತಾತ್ಕಾಲಿಕ ವೈಭವವನ್ನು ಕಟ್ಟುವುದು, ಕಳಚುವುದು, ಮತ್ತೆ ಕಟ್ಟುವುದು ಹೇಗೆಂದು ನಾಡಿಗೆ ತೋರಿಸಿಕೊಟ್ಟ ಊರು ಇದು. 1884ರಲ್ಲಿ ಇಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿಯನ್ನು ಗುಬ್ಬಿ ವೀರಣ್ಣನವರು ಮನೆಮಾತಾಗಿಸಿದರು. 'ಕುರುಕ್ಷೇತ್ರ' ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ತಂದವರು ಅವರು. ವೈಭವಕ್ಕೆ ಅವರಲ್ಲಿ ಕೊರತೆಯಿರಲಿಲ್ಲ. ಆದರೆ ಒಂದು ಊರಿನ ಕ್ಯಾಂಪು ಮುಗಿದರೆ ಪರದೆ ಸುರುಳಿಯಾಗಬೇಕು, ಉಡುಪು, ಕಿರೀಟಗಳು ಪೆಟ್ಟಿಗೆ ಸೇರಬೇಕು, ಮುಂದಿನ ಊರಿನಲ್ಲಿ ಅವೇ ಬಿಚ್ಚಿಕೊಳ್ಳಬೇಕು. ಕಂಪನಿ ನಾಟಕಗಳ ಬದುಕೇ ಅದರ ಮೇಲೆ ನಿಂತಿತ್ತು.

ಆ ಕಾಲದವರು ನಮಗಿಂತ ದೊಡ್ಡ ಪರಿಸರಪ್ರೇಮಿಗಳಾಗಿದ್ದರು ಎಂದು ನಾವು ಹೇಳುತ್ತಿಲ್ಲ. ಬಟ್ಟೆ, ಬಣ್ಣ ದುಬಾರಿಯಾಗಿದ್ದವು, ಬಿಸಾಡುವ ಅನುಕೂಲವಿರಲಿಲ್ಲ, ಅಷ್ಟೆ. ಆದರೂ ಅವರ ಕೆಲಸದ ಕ್ರಮದಲ್ಲಿ ಮೂರು ಪಾಠಗಳಿವೆ. ಮೊದಲನೆಯದು, ಪರದೆಯ ಮೇಲೆ ಬರೆಸುತ್ತಿದ್ದುದು ಕಾಡು, ಬೀದಿ, ದರ್ಬಾರು. ಹತ್ತು ನಾಟಕಕ್ಕೂ ಆಗುವಂಥದ್ದು. ನಮ್ಮ ಫ್ಲೆಕ್ಸಿನ ಮೇಲೆ ತಾರೀಖು ಮತ್ತು ಅತಿಥಿಯ ಮುಖ. ಮರುದಿನಕ್ಕೇ ಅದು ಹೆಣ. ಎರಡನೆಯದು, ಹಗ್ಗದಿಂದ ಕಟ್ಟಿದ್ದನ್ನು ಬಿಚ್ಚಬಹುದು. ಮೊಳೆ ಹೊಡೆದು ಗೋಂದು ಅಂಟಿಸಿದ್ದನ್ನು ಮುರಿಯಬೇಕು. ನಮ್ಮ ಮದುವೆ ಮನೆಗಳ ಶಾಮಿಯಾನ ಇಂದಿಗೂ ಬಾಳುವುದು ಈ ಕಾರಣಕ್ಕೇ. ಮೂರನೆಯದು, ಕಟ್ಟಿದವರೇ ಕಳಚುತ್ತಿದ್ದರು, ವಸ್ತುವಿಗೆ ಒಡೆಯನಿದ್ದ. ಈಗ ಮುದ್ರಿಸುವವನು ಒಬ್ಬ, ಕಟ್ಟುವವನು ಇನ್ನೊಬ್ಬ, ಗುಡಿಸುವವಳು ಮತ್ತೊಬ್ಬಳು. ಉದ್ಘಾಟನೆಗೇ ಬಿಲ್ಲು ಮುಗಿದರೆ ಉಳಿದ ವಸ್ತು ಯಾರದು?

ಹೊರಗಿನ ಉದಾಹರಣೆಯೂ ಇದೆ. 1851ರ ಲಂಡನ್ ಮಹಾಪ್ರದರ್ಶನಕ್ಕೆ ಹೈಡ್ ಪಾರ್ಕಿನಲ್ಲಿ ಕಟ್ಟಿದ ಸ್ಫಟಿಕ ಅರಮನೆಯಲ್ಲಿ ಸುಮಾರು 3 ಲಕ್ಷ ಗಾಜಿನ ಹಲಗೆಗಳಿದ್ದವು. ಪ್ರದರ್ಶನ ಮುಗಿದ ಮೇಲೆ ಅದನ್ನು ಬಿಚ್ಚಿ ಸಿಡನ್‌ಹ್ಯಾಮ್‌ಗೆ ಸಾಗಿಸಿ, 1854ರ ಹೊತ್ತಿಗೆ ಇನ್ನೂ ದೊಡ್ಡದಾಗಿ ನಿಲ್ಲಿಸಿದರು. 1936ರಲ್ಲಿ ಬೆಂಕಿಗೆ ಬೀಳುವವರೆಗೂ ಅದು ಬಾಳಿತು. ಒಂದೇ ಅಳತೆಯ ತುಂಡುಗಳನ್ನು ಜೋಡಿಸಿ ಕಟ್ಟಿದ್ದರಿಂದ ಇದು ಸಾಧ್ಯವಾಯಿತು. ಅದರ ಮಾದರಿಯಲ್ಲಿ 1889ರಲ್ಲಿ ಅಡಿಗಲ್ಲು ಬಿದ್ದ ಗಾಜಿನ ಮನೆ ಹೈದರಾಲಿಯ ಲಾಲ್‌ಬಾಗಿನಲ್ಲಿ ಇಂದಿಗೂ ಫಲಪುಷ್ಪ ಪ್ರದರ್ಶನಗಳಿಗೆ ಸೂರಾಗಿದೆ.

ಕಾನೂನಿಲ್ಲವೆಂದಲ್ಲ. ಕರ್ನಾಟಕ ಸರ್ಕಾರ 2016ರ ಮಾರ್ಚಿನಲ್ಲಿಯೇ ಫ್ಲೆಕ್ಸನ್ನು ನಿಷೇಧಿಸಿತು. 2022ರ ಜುಲೈ 1ರಿಂದ ದೇಶದಾದ್ಯಂತ ಅಲಂಕಾರದ ಥರ್ಮೊಕೋಲ್ ಮತ್ತು 100 ಮೈಕ್ರಾನಿಗಿಂತ ತೆಳುವಾದ ಪಿವಿಸಿ ಬ್ಯಾನರುಗಳ ಮೇಲೆ ನಿಷೇಧ ಬಂತು. ನೂರಕ್ಕಿಂತ ಹೆಚ್ಚು ಜನ ಸೇರುವ ಕಾರ್ಯಕ್ರಮವನ್ನು ಪರವಾನಗಿಯಿಲ್ಲದ ಜಾಗದಲ್ಲಿ ಮಾಡುವವರು ಮೂರು ಕೆಲಸದ ದಿನ ಮೊದಲೇ ಸ್ಥಳೀಯ ಸಂಸ್ಥೆಗೆ ತಿಳಿಸಿ, ಕಸವನ್ನು ವಿಂಗಡಿಸಿ ಒಪ್ಪಿಸಬೇಕೆಂದು 2016ರ ಘನತ್ಯಾಜ್ಯ ನಿಯಮಗಳು ಹೇಳಿದವು. ನಮ್ಮ ಸಮಿತಿಯಲ್ಲಿ ವಕೀಲರಿದ್ದರು, ಮೇಷ್ಟ್ರುಗಳಿದ್ದರು. ಒಬ್ಬರೂ ಇದನ್ನು ಎತ್ತಲಿಲ್ಲ. ನಾವೂ ಎತ್ತಲಿಲ್ಲ.

ಫ್ಲೆಕ್ಸ್ ಅಗ್ಗ ಎನ್ನುತ್ತಾರೆ. ಒಂದು ದಿನದ ಲೆಕ್ಕದಲ್ಲಿ ಅದು ನಿಜ. ಪಾಲಿಯೆಸ್ಟರ್ ಬಲೆಗೆ ಪಿವಿಸಿ ಮೆತ್ತಿದ ಆ ಹಾಳೆಯನ್ನು ಬೇರ್ಪಡಿಸುವುದು ಕಷ್ಟ, ಆದ್ದರಿಂದಲೇ ಗುಜರಿಗೆ ಅದು ಬೇಡ. ಸುಟ್ಟರೆ ಡಯಾಕ್ಸಿನ್‌ನಂಥ ವಿಷ ಗಾಳಿಗೆ ಸೇರುತ್ತದೆ. ಇನ್ನೊಂದು ನಷ್ಟವೂ ಇದೆ. ನಮ್ಮ ಬೀದಿಯಲ್ಲಿ ಕನ್ನಡ, ಉರ್ದು ಎರಡನ್ನೂ ಮುತ್ತು ಪೋಣಿಸಿದಂತೆ ಬರೆಯುತ್ತಿದ್ದ ಪೇಂಟರ್ ಒಬ್ಬರಿದ್ದರು. ಫ್ಲೆಕ್ಸ್ ಬಂದ ಮೇಲೆ ಕುಂಚ ಬಿಟ್ಟು ತರಕಾರಿ ಗಾಡಿ ಹಿಡಿದರು. ಬಟ್ಟೆಯ ಮೇಲೆ ಅವರು ಬರೆದ ಬ್ಯಾನರಿನ ತಾರೀಖಿಗೆ ಒಂದು ಚೀಟಿ ಅಂಟಿಸಿದ್ದರೆ ಹತ್ತು ವರ್ಷ ನಡೆಯುತ್ತಿತ್ತು.

ತುಮಕೂರು ಸೀಮೆಗೆ ಪ್ರದರ್ಶನಗಳು ಹೊಸತಲ್ಲ. ಸಿದ್ಧಗಂಗೆಯ ಶಿವರಾತ್ರಿ ಜಾತ್ರೆಯೊಡನೆ ಕೃಷಿ ಮತ್ತು ಕೈಗಾರಿಕಾ ವಸ್ತುಪ್ರದರ್ಶನ ನಡೆಯುವ ನಾಡಿದು. ಪ್ರದರ್ಶನಗಳು ಬೇಡವೆನ್ನುವವರು ನಾವಲ್ಲ. ಸಂತೋಷಪಡಲು ಬಡವರಿಗೆ ಇರುವ ಜಾಗಗಳೇ ಕಡಿಮೆ. ನಮ್ಮ ಕೋರಿಕೆ ಇಷ್ಟೆ: ಮೊದಲ ಸಭೆಯಲ್ಲೇ ಕಳಚುವ ದಿನದ ಕೆಲಸಕ್ಕೂ ಒಂದು ಸಾಲು ಹಣ ತೆಗೆದಿಡಲಿ. ಮಳಿಗೆಯ ಚೌಕಟ್ಟು ಬಿಚ್ಚಿ ಜೋಡಿಸುವಂತಿರಲಿ, ಅದನ್ನು ಕಾಯುವ ಒಂದು ಶಾಲೆಯೋ ಗ್ರಂಥಾಲಯವೋ ಮೊದಲೇ ಗೊತ್ತಾಗಿರಲಿ. ಮಳಿಗೆದಾರರಿಂದ ಠೇವಣಿ ಪಡೆದು, ಜಾಗ ಶುಚಿಯಾಗಿದ್ದರೆ ಮಾತ್ರ ಮರಳಿಸಲಿ.

ಮುಂದಿನ ವರ್ಷದ ಸಭೆಗೆ ಆ ಗುಜರಿಯ ಚಾಚಾ ಅವರನ್ನೂ ಕರೆಯೋಣ ಎಂದು ನಾವು ಸೂಚಿಸಿದೆವು. ಯಾವುದಕ್ಕೆ ತೂಕವಿದೆ, ಯಾವುದಕ್ಕಿಲ್ಲ ಎಂದು ಅವರಿಗೆ ಗೊತ್ತು. ಕೆಲವರು ನಕ್ಕರು. ನಾವು ತಮಾಷೆಗೆ ಹೇಳಿದ್ದಲ್ಲ.