ಅಲುಗಾಡದ ಕನ್ನಡಿ

ಮಾರುತಿ ಓಮ್ನಿಯ ತಯಾರಿಕೆ 2019ರಲ್ಲೇ ನಿಂತಿತು. 1984ರಲ್ಲಿ ರಸ್ತೆಗಿಳಿದ, 796 ಸಿಸಿ ಎಂಜಿನ್ನಿನ ಆ ವ್ಯಾನು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆ ಇನ್ನೂ ಓಡುತ್ತಲೇ ಇದೆ. ಶಾಲೆಯ ಮಕ್ಕಳು, ಅಡಿಕೆ ಮೂಟೆ, ಮದುವೆಗೆ ಹೊರಟ ನೆಂಟರು, ಏನು ಹೇರಿದರೂ ಬೇಡವೆನ್ನದ ಗಾಡಿ.

ವಯಸ್ಸಾದ ಓಮ್ನಿಯಲ್ಲಿ ಬೇಗ ಸಡಿಲಾಗುವುದು ಪಕ್ಕದ ಕನ್ನಡಿ. ಬಲ್ಲ ಮೆಕ್ಯಾನಿಕ್ ಮೊದಲು ಸ್ಕ್ರೂಡ್ರೈವರ್ ಎತ್ತುವುದಿಲ್ಲ. ಕನ್ನಡಿಯನ್ನು ಹಿಡಿದು ಅಲುಗಿಸುತ್ತಾನೆ. ಬುಡವೇ ಅಲುಗಿದರೆ ದೋಷ ಸ್ಕ್ರೂವಿನದು. ಕರಾವಳಿಯ ಮಳೆ, ಉಪ್ಪುಗಾಳಿಗೆ ತೂತು ತುಕ್ಕು ಹಿಡಿದು ಅಗಲವಾಗಿರುತ್ತದೆ. ತುಕ್ಕು ಉಜ್ಜಿ, ಸ್ಪ್ರಿಂಗ್ ವಾಷರ್ ಕೊಟ್ಟು ಬಿಗಿದರೆ ಎಂಜಿನ್ನಿನ ನಡುಕಕ್ಕೂ ಅದು ಜಗ್ಗದು.

ಬುಡ ಗಟ್ಟಿಯಿದ್ದು ತಲೆ ಮಾತ್ರ ಬಾಗಿದರೆ ತಲೆ ತಿರುಗಲು ಒಳಗಿರುವ ಗುಂಡು ಸವೆದಿದೆ ಎಂದರ್ಥ. ಹಳೇ ಸೈಕಲ್ ಟ್ಯೂಬಿನ ತೆಳು ತುಂಡೊಂದನ್ನು ಸಂದಿಗೆ ಸೇರಿಸಿದರೆ ಹಿಡಿತ ಮರಳುತ್ತದೆ. ಗ್ರೀಸು ಮಾತ್ರ ಕೂಡದು, ಇನ್ನಷ್ಟು ಜಾರುತ್ತದೆ.

ಎಂ-ಸೀಲ್ ಅಂಟು ಮೆತ್ತಿ ಕೈತೊಳೆದುಕೊಳ್ಳುವವರೂ ಇದ್ದಾರೆ. ಅದು ರಿಪೇರಿಯಲ್ಲ, ಸೋಮಾರಿತನ! ಇಕ್ಕಟ್ಟಿನ ಪೇಟೆರಸ್ತೆಯಲ್ಲಿ ಏನಾದರೂ ತಾಗಿದಾಗ ಮಡಚಿಕೊಳ್ಳಬೇಕಾದ ಕನ್ನಡಿ ಆಗ ಮುರಿದೇ ಬೀಳುತ್ತದೆ. ಚಾಲಕ ಬದಲಾದರೆ ತಿರುಗಿಸುವುದಕ್ಕೂ ಆಗದು.

ಬಿಗಿದ ಮೇಲೆ ಚಾಲಕನನ್ನು ಸೀಟಿನಲ್ಲಿ ಕೂರಿಸಿಯೇ ಕೋನ ಹೊಂದಿಸಬೇಕು. ಅಂಚಿನಲ್ಲಿ ಸ್ವಂತ ಗಾಡಿಯ ಒಂದು ಗೆರೆ, ಉಳಿದದ್ದೆಲ್ಲ ರಸ್ತೆ. ಉಬ್ಬುಗನ್ನಡಿಯಾದರೆ ಹಿಂದಿನ ಬಸ್ಸು ಇರುವುದಕ್ಕಿಂತ ದೂರ ಕಾಣುತ್ತದೆ, ನೆನಪಿರಲಿ. ಚಾರ್ಮಾಡಿ ಘಾಟಿ ಹತ್ತುವ ಮುನ್ನ ಎರಡೂ ಕನ್ನಡಿಗಳನ್ನು ಒಮ್ಮೆ ಕೈಯಿಂದ ಅಲುಗಿಸಿ ನೋಡಿ.