ಢೋಲಕ್‌ಪುರದ ಪ್ರಜೆಗಳೆಲ್ಲಿ?

ಯಾದಗಿರಿ, ಶಹಾಪುರ, ಸುರಪುರ ಈ ಮೂರರಲ್ಲಿ ಯಾವ ಊರಿನ ಅಂಗಡಿಸಾಲಿನಲ್ಲಿ ನಡೆದರೂ ಮಕ್ಕಳ ಶಾಲಾ ಚೀಲ, ನೀರಿನ ಬಾಟಲಿಗಳ ಮೇಲೆ ಛೋಟಾ ಭೀಮ್ ನಗುತ್ತಿರುತ್ತಾನೆ. ಮಕ್ಕಳ ಕಾರ್ಟೂನಿನಲ್ಲಿ ರಾಜಕೀಯವೇನು ಬಂತು ಎಂದು ಹಿರಿಯರು ಕೇಳಬಹುದು. ಆದರೆ ದೊರೆ ಇರುವ ಕಥೆಯಲ್ಲಿ ರಾಜಕೀಯ ಇಲ್ಲದಿರಲು ಹೇಗೆ ಸಾಧ್ಯ?

2008ರಲ್ಲಿ ಪೋಗೋ ವಾಹಿನಿಯಲ್ಲಿ ಆರಂಭವಾದ ಈ ಸರಣಿ ಹೈದರಾಬಾದಿನ ರಾಜೀವ್ ಚಿಲಕ ಅವರ ಸೃಷ್ಟಿ. ಢೋಲಕ್‌ಪುರದ ದೊರೆ ಇಂದ್ರವರ್ಮ. ಡಕಾಯಿತರೋ ಮಾಂತ್ರಿಕರೋ ಬಂದರೆ ದೊರೆಗೆ ದಿಕ್ಕು ತೋಚುವುದಿಲ್ಲ. ಭೀಮ್ ಬರುತ್ತಾನೆ, ಲಾಡು ತಿನ್ನುತ್ತಾನೆ, ಗೆಲ್ಲುತ್ತಾನೆ. ಜನ ಜೈಕಾರ ಹಾಕುತ್ತಾರೆ, ದೊರೆ ಸಿಂಹಾಸನದಲ್ಲೇ ಇರುತ್ತಾನೆ. ವಿದೇಶಿ ಪಾತ್ರಗಳೇ ತುಂಬಿದ್ದ ಮಾರುಕಟ್ಟೆಯಲ್ಲಿ ಧೋತಿ ಉಟ್ಟ ಹುಡುಗನೊಬ್ಬ ನಿಂತು ಗೆದ್ದದ್ದು ಸಣ್ಣ ಮಾತಲ್ಲ. ಗೆಳೆತನ, ದುರ್ಬಲರ ಬಗ್ಗೆ ಕಾಳಜಿ ಎಲ್ಲವೂ ಅಲ್ಲಿವೆ. ಆದರೆ ಊರಿಗೆ ಸರಿಯಾದ ಕಾವಲು ಏಕಿಲ್ಲ ಎಂದು ಕೇಳುವ ಒಬ್ಬ ಪ್ರಜೆಯೂ ಅಲ್ಲಿಲ್ಲ. ಕಷ್ಟ ಬಂದಾಗ ಬಲಶಾಲಿಯೊಬ್ಬನನ್ನು ಕಾಯಬೇಕು ಎಂಬುದೇ ಆ ಊರಿನ ಸಂವಿಧಾನ.

ಸುರಪುರದ ಮಗುವಿಗೆ ರಾಜನ ಕಥೆ ಹೊಸತೇನಲ್ಲ. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ರಾಜಾ ವೆಂಕಟಪ್ಪ ನಾಯಕ ಸೋತ, ಸಂಸ್ಥಾನ ನಿಜಾಮರ ಪಾಲಾಯಿತು. ಆ ಸೋಲಿನ ಆಚೆಗೂ ಬದುಕಬೇಕಾದವರು ಪ್ರಜೆಗಳು. ಅವರಿಗೆ ಕಾರ್ಟೂನಿನಲ್ಲಿ ಮುಖವೇ ಇಲ್ಲವೇ?

ಒಂದು ಮುಖವಂತೂ ಇತ್ತು. ಮೈಸೂರಿನಲ್ಲಿ ಹುಟ್ಟಿ, ರಾಶಿಯವರ 'ಕೊರವಂಜಿ'ಗೂ ಚಿತ್ರ ಬರೆದಿದ್ದ ಆರ್.ಕೆ. ಲಕ್ಷ್ಮಣ್ 1951ರಿಂದ 'ಟೈಮ್ಸ್ ಆಫ್ ಇಂಡಿಯಾ'ದಲ್ಲಿ ಬಿಡಿಸುತ್ತ ಬಂದ ಶ್ರೀಸಾಮಾನ್ಯ. ಧೋತಿ, ಚೌಕುಳಿ ಕೋಟು, ಅಚ್ಚರಿಗೊಂಡ ಕಣ್ಣುಗಳು. ಮಂತ್ರಿಗಳ ಸುಳ್ಳು, ಅಧಿಕಾರಿಗಳ ದರ್ಪ ಎಲ್ಲಕ್ಕೂ ಆತ ಸಾಕ್ಷಿ, ಆದರೆ ಮಾತಾಡಿದವನಲ್ಲ. ಆ ಮೌನವೇ ಚುಚ್ಚುತ್ತಿತ್ತು ಎಂಬುದು ನಿಜ. ಆದರೆ ಅಧಿಕಾರಕ್ಕೆ ಆತ ಕಡೆಗೂ ಅಪಾಯಕಾರಿಯಾಗಲಿಲ್ಲ. 1988ರಲ್ಲಿ ಅಂಚೆಚೀಟಿಯಾದ, ಪುಣೆ ಮತ್ತು ಮುಂಬೈಗಳಲ್ಲಿ ಪ್ರತಿಮೆಯಾದ, ಏರ್ ಡೆಕ್ಕನ್ ವಿಮಾನ ಸಂಸ್ಥೆಯ ಲಾಂಛನವಾದ. ವ್ಯವಸ್ಥೆ ತನ್ನನ್ನು ನೋಡುತ್ತಿದ್ದ ಸಾಕ್ಷಿಯನ್ನೇ ಸನ್ಮಾನಿಸಿ ಪಕ್ಕದಲ್ಲಿ ನಿಲ್ಲಿಸಿಕೊಂಡಿತು.

ಇನ್ನೊಬ್ಬ ಮೌನಿಯೂ ಇದ್ದಾನೆ. ಪ್ಯಾಲೆಸ್ತೀನಿನ ವ್ಯಂಗ್ಯಚಿತ್ರಕಾರ ನಾಜಿ ಅಲ್-ಅಲಿ 1969ರಲ್ಲಿ ಸೃಷ್ಟಿಸಿದ ಹಂದಲ. ಬರಿಗಾಲು, ತೇಪೆ ಹಚ್ಚಿದ ಅಂಗಿ, ಬೆನ್ನ ಹಿಂದೆ ಕಟ್ಟಿದ ಕೈಗಳು. ಮುಖವನ್ನು ಮಾತ್ರ ನಮಗೆ ತೋರಿಸುವುದಿಲ್ಲ. ಅವನಿಗೆ ಹತ್ತೇ ವರ್ಷ. 1948ರಲ್ಲಿ ಕುಟುಂಬದೊಂದಿಗೆ ಊರು ಬಿಟ್ಟಾಗ ನಾಜಿಗೂ ಸುಮಾರು ಅಷ್ಟೇ ವಯಸ್ಸು. ತಾಯ್ನಾಡಿಗೆ ಮರಳಿದ ಮೇಲಷ್ಟೇ ಹಂದಲ ಬೆಳೆಯುತ್ತಾನೆ ಎನ್ನುತ್ತಿದ್ದರು ಅವರು. ಇಸ್ರೇಲನ್ನಷ್ಟೇ ಅಲ್ಲ, ಅರಬ್ ದೊರೆಗಳನ್ನೂ, ತಮ್ಮದೇ ನಾಯಕರನ್ನೂ ಆ ಚಿತ್ರಗಳು ಬಿಡಲಿಲ್ಲ. 1987ರ ಜುಲೈ 22ರಂದು ಲಂಡನ್ನಿನಲ್ಲಿ ನಾಜಿಯವರಿಗೆ ಗುಂಡು ಹಾರಿಸಲಾಯಿತು, ಆಗಸ್ಟ್ 29ರಂದು ಅವರು ತೀರಿಕೊಂಡರು. ಹಂದಲ ಮಾತ್ರ ಇಂದಿಗೂ ಗೋಡೆಗಳ ಮೇಲೆ ಬೆನ್ನು ತಿರುಗಿಸಿ ನಿಂತಿದ್ದಾನೆ.

ಇವರಿಬ್ಬರ ನಡುವಿನ ಅಂತರ ಮಾತಿನದಲ್ಲ. ಶ್ರೀಸಾಮಾನ್ಯ ನೋಡಿ ಸಹಿಸಿಕೊಳ್ಳುತ್ತಾನೆ. ಹಂದಲ ಒಪ್ಪಿಗೆಯನ್ನೇ ನಿರಾಕರಿಸುತ್ತಾನೆ.

ಈ ಮಾತು ನಮಗೇಕೆ ಬೇಕೆಂದರೆ, ನಮ್ಮ ಈ ತಾಲೂಕುಗಳಿಂದಲೂ ಕುಟುಂಬಗಳು ಗುಳೆ ಹೋಗುತ್ತವೆ. ಬೆಂಗಳೂರು, ಮುಂಬೈಗಳ ಕಟ್ಟಡಗಳ ನೆರಳಿನಲ್ಲಿ ತಗಡಿನ ಶೆಡ್ಡುಗಳಲ್ಲಿ ಬೆಳೆಯುವ ಆ ಮಕ್ಕಳು ಲಕ್ಷ್ಮಣರ ಕೋಟಿನೊಳಗೆ ಇರಲಿಲ್ಲ, ಢೋಲಕ್‌ಪುರದಲ್ಲೂ ಇಲ್ಲ. ಅಂಥ ಒಂದು ಪಾತ್ರ ಕನ್ನಡದಲ್ಲಿ ಹುಟ್ಟಬೇಕಾಗಿದೆ. ಅಲ್ಲಿಯವರೆಗೆ ಕಾರ್ಟೂನ್ ಬೇಡವೆಂದು ಟಿ.ವಿ. ಆರಿಸುವುದು ಪರಿಹಾರವಲ್ಲ. ಭೀಮ್ ಗೆದ್ದು ಕಥೆ ಮುಗಿದ ಮೇಲೆ ಪಕ್ಕದಲ್ಲಿ ಕೂತು, "ಅಲ್ಲಪ್ಪಾ, ಇಷ್ಟೆಲ್ಲ ಆಗುವಾಗ ಆ ರಾಜ ಏನು ಮಾಡುತ್ತಿದ್ದ?" ಎಂದು ಮಗುವನ್ನು ಕೇಳೋಣ. ಉತ್ತರವನ್ನು ಅದೇ ಹುಡುಕಲಿ.